ಬಾಗಿಲಿಗೆ ಬಾರದವರ ಲೆಕ್ಕ

ಮನೆಯ ಜಮಾಖರ್ಚಿನ ಪುಸ್ತಕ ಬರೆದಿಡುವ ಅಭ್ಯಾಸವುಳ್ಳವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಆ ಪುಸ್ತಕದಲ್ಲಿ ಖರ್ಚಾದದ್ದೆಲ್ಲ ಕಾಣುತ್ತದೆ. ಖರ್ಚು ಮಾಡದೆ ತಡೆದುಕೊಂಡದ್ದು ಮಾತ್ರ ಕಾಣುವುದಿಲ್ಲ. ಹಾಲು, ಅಕ್ಕಿ, ಬಾಡಿಗೆ, ಮಕ್ಕಳ ಫೀಜು, ಊರಿಗೆ ಕಳಿಸಿದ ಹಣ, ಎಲ್ಲವೂ ಸಾಲಾಗಿ ನಿಂತಿರುತ್ತವೆ. ಮನೆಯಾಕೆ ಮೂರು ತಿಂಗಳಿಂದ ಸಹಿಸಿಕೊಂಡು ಬಂದ ಹಲ್ಲುನೋವಿಗೆ, 'ಇನ್ನೊಂದು ವರ್ಷ ಇದರಲ್ಲೇ ಕಾಣಿಸುತ್ತದೆ, ಬಿಡು' ಎಂದು ಹಿರಿಯರು ಬದಲಾಯಿಸದೆ ಉಳಿಸಿದ ಕನ್ನಡಕಕ್ಕೆ, ಅಲ್ಲಿ ಒಂದು ಸಾಲೂ ಇಲ್ಲ. ತಿಂಗಳ ಕೊನೆಗೆ ಮೊತ್ತ ಸರಿಯಾಗಿ ಕೂಡಿದರೆ ಎಲ್ಲ ಸುಖವಾಗಿದೆಯೆಂದೇ ಪುಸ್ತಕ ಹೇಳುತ್ತದೆ.

ಪರಸ್ಥಳದಲ್ಲಿ ಸಂಸಾರ ಹೂಡಿದ ನಮ್ಮಂಥವರಿಗೆ ಇದು ಹೊಸದಲ್ಲ. ಬಾಡಿಗೆ ತಪ್ಪುವಂತಿಲ್ಲ, ಊರಿಗೆ ಕಳಿಸುವುದು ತಪ್ಪುವಂತಿಲ್ಲ. ತಪ್ಪಿದರೆ ಯಾರೂ ಬಂದು ಕೇಳದಂಥ ಬಾಬು ಒಂದೇ ಒಂದು, ಅದು ನಮ್ಮ ಮೈಯದು. ಆದ್ದರಿಂದ ಅದಕ್ಕೇ ಮೊದಲು ಕತ್ತರಿ ಬೀಳುತ್ತದೆ.

ಆಸ್ಪತ್ರೆಯ ದಫ್ತರವೂ ಹೀಗೆಯೆ. ಬಂದವರ ಹೆಸರು, ವಯಸ್ಸು, ರೋಗ, ಕೊಟ್ಟ ಮದ್ದು ಎಲ್ಲವನ್ನೂ ಅದು ಬರೆದಿಟ್ಟುಕೊಳ್ಳುತ್ತದೆ. ಬಾರದೆ ಉಳಿದವರ ಹೆಸರನ್ನು ಬರೆದುಕೊಳ್ಳುವವರು ಯಾರು? ಕಾಸಿಲ್ಲದೆ ಅರ್ಧ ದಾರಿಯಿಂದ ಹಿಂದಿರುಗಿದವರು, ಕೂಲಿ ತಪ್ಪುತ್ತದೆಂದು ಹೊರಡದೆಯೇ ಉಳಿದವರು, ಮನೆಯಲ್ಲೇ ಕಣ್ಣು ಮುಚ್ಚಿದ ಕೂಸುಗಳು ದಫ್ತರದ ಮಟ್ಟಿಗೆ ಹುಟ್ಟಿಯೇ ಇಲ್ಲ. ಒಂದು ದೇಶದ ಆಯವ್ಯಯ ಪತ್ರವನ್ನು ಬರೆಯುವವರು ಈ ದಫ್ತರವನ್ನೇ ಮುಂದಿಟ್ಟುಕೊಂಡು ಬರೆದರೆ ಏನಾದೀತೆಂಬುದನ್ನು ವಾಚಕರು ಊಹಿಸಬಹುದು. ಬಂದವರಿಗೆ ಇನ್ನಷ್ಟು ಸಿಗುತ್ತದೆ. ಬಾರದವರಿಗೆ ಎಂದಿನಂತೆ ಏನೂ ಇಲ್ಲ.

ಈ ಬಾರದವರನ್ನು ಲೆಕ್ಕಕ್ಕೆ ತರುವ ಕೆಲಸ ಆರೋಗ್ಯದ ಅರ್ಥಶಾಸ್ತ್ರಕ್ಕೆ ಸೇರಿದ್ದು. ಹೆಸರು ಕೇಳಿದೊಡನೆ ಆಕಳಿಕೆ ಬಂದರೆ ತಪ್ಪಲ್ಲ. ಆದರೆ ಆ ಶಾಸ್ತ್ರದ ಒಳ್ಳೆಯ ಕತೆಗಳೆಲ್ಲ ಹೆಚ್ಚಾಗಿ ಆಫ್ರಿಕ ಖಂಡದಲ್ಲಿ ನಡೆದಿವೆ. ಅವುಗಳಲ್ಲಿ ಕೆಲವನ್ನು ಇಲ್ಲಿ ಹೇಳಬೇಕೆಂದಿದ್ದೇವೆ.

'ಆಫ್ರಿಕದ ಉಸಾಬರಿ ನಮಗೇಕೆ?' ಎಂದು ಯಾರಾದರೂ ಕೇಳಬಹುದು. ಆ ಖಂಡ ನಮಗೆ ಅಷ್ಟೇನೂ ದೂರವಲ್ಲ. ಮುಂಬಯಿ, ದೆಹಲಿ, ಚೆನ್ನೈ, ಹೈದರಾಬಾದುಗಳ ದೊಡ್ಡ ಆಸ್ಪತ್ರೆಗಳಿಗೆ ಹೋದವರು ಅಲ್ಲಿನ ಮೊಗಸಾಲೆಗಳಲ್ಲಿ ಕೀನ್ಯಾ, ಟಾಂಜಾನಿಯ, ನೈಜೀರಿಯಗಳಿಂದ ಚಿಕಿತ್ಸೆಗಾಗಿ ಬಂದ ಸಂಸಾರಗಳನ್ನು ನೋಡಿಯೇ ಇರುತ್ತಾರೆ. ವಿಮಾನದ ಟಿಕೆಟ್ಟು ಹೊಂದಿಸಲು ಶಕ್ತರಾದವರು ಇಲ್ಲಿ ಕಾಣುತ್ತಾರೆ. ಅವರ ಹಿಂದೆ ಇರುವ ಲಕ್ಷಾಂತರ ಜನ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆದರೆ ನಾವು ಆ ವಿಷಯಕ್ಕೆ ಕೈ ಹಾಕಿದ ಕಾರಣ ಬೇರೆ; ಅದು ನಮ್ಮ ಸಂಘದಲ್ಲಿಯೇ ನಡೆದ ಒಂದು ಚರ್ಚೆ.

ನಮ್ಮ ಸಂಘ ವರ್ಷಕ್ಕೊಮ್ಮೆ ಉಪನಗರದಲ್ಲಿ ಆರೋಗ್ಯ ಶಿಬಿರ ನಡೆಸುತ್ತದೆ. ಸದಸ್ಯರಾದ ಡಾಕ್ಟರರು ಒಂದು ದಿನ ಬಿಡುವು ಮಾಡಿಕೊಂಡು ಬರುತ್ತಾರೆ. ಹೋಟೆಲಿನ ಹುಡುಗರು, ವಿಜಯಪುರ ಕಲಬುರಗಿಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಅವರ ಹೆಂಡಿರು ಮಕ್ಕಳು ಬಂದು ತೋರಿಸಿಕೊಳ್ಳುತ್ತಾರೆ. ಈ ಸಲದ ಸಭೆಯಲ್ಲಿ ಖಜಾಂಚಿಗಳು ಒಂದು ಸೂಚನೆ ತಂದರು.

"ನೋಡಿ, ಪುಕ್ಕಟೆ ಕೊಟ್ಟದ್ದಕ್ಕೆ ಬೆಲೆಯಿಲ್ಲ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಜನ ನಾವು. ಮೂವತ್ತು ರೂಪಾಯಿಯ ಚೀಟಿ ಇಡೋಣ. ನಿಜವಾಗಿ ಬೇಕಾದವರು ಬರುತ್ತಾರೆ, ಹೊತ್ತು ಕಳೆಯಲು ಬರುವವರು ನಿಲ್ಲುತ್ತಾರೆ," ಎಂದರು.

ಮಹಿಳಾ ವಿಭಾಗದ ಹಿರಿಯರೊಬ್ಬರು ಸುಮ್ಮನಿರಲಿಲ್ಲ. "ಖಜಾಂಚಿಗಳೇ, ಮೂವತ್ತು ರೂಪಾಯಿ ನಿಮಗೆ ಒಂದು ಲೋಟ ಕಾಫಿ. ಇಟ್ಟಿಗೆ ಹೊರುವವಳಿಗೆ ಅದು ಮಗುವಿನ ಹಾಲು. ಆಕೆ ಬರುವುದಿಲ್ಲ. ಬರಲಿಲ್ಲವೆಂದು ನಿಮಗೆ ಗೊತ್ತೂ ಆಗುವುದಿಲ್ಲ," ಎಂದರು.

ಚರ್ಚೆ ರಾತ್ರಿ ಹತ್ತು ಗಂಟೆಯವರೆಗೂ ನಡೆಯಿತು. ಇಬ್ಬರ ಮಾತೂ ಒಪ್ಪುವಂಥದೇ. ಇಬ್ಬರ ಬಳಿಯೂ ಆಧಾರವಿಲ್ಲ. ಮುಂದಿನ ಸಭೆಗೆ ಏನಾದರೂ ಆಧಾರ ಹುಡುಕಿ ತರಬೇಕೆಂದು ನಮಗೆ ಒಪ್ಪಿಸಿದರು. ಹುಡುಕುತ್ತ ಹೋದ ನಾವು ತಲುಪಿದ್ದು ಆಫ್ರಿಕಕ್ಕೆ. ನಮ್ಮ ಸಭೆಯ ಪ್ರಶ್ನೆಯನ್ನೇ ಅಲ್ಲಿ ಇಡೀ ರಾಷ್ಟ್ರಗಳು ಕೇಳಿಕೊಂಡಿದ್ದುವು.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಆಫ್ರಿಕದ ಹಲವು ಸರಕಾರಗಳು ತಮ್ಮ ಆಸ್ಪತ್ರೆಗಳಲ್ಲಿ ಪ್ರಜೆಗಳಿಗೆ ಧರ್ಮಾರ್ಥ ಚಿಕಿತ್ಸೆಯನ್ನು ಏರ್ಪಡಿಸಿದುವು. ೧೯೮೦ರ ದಶಕಕ್ಕೆ ಬರುವ ಹೊತ್ತಿಗೆ ಸಾಲದ ಹೊರೆ ಏರಿತು, ಬೊಕ್ಕಸ ಬರಿದಾಯಿತು. ಆಸ್ಪತ್ರೆಯ ಬಾಗಿಲು ತೆರೆದಿದೆ, ಒಳಗಿನ ಔಷಧಿಯ ಕಪಾಟು ಖಾಲಿ ಎಂಬ ಸ್ಥಿತಿ ಬಂತು. ೧೯೮೭ರಲ್ಲಿ ವಿಶ್ವಬ್ಯಾಂಕು ಒಂದು ವರದಿ ಹೊರಡಿಸಿ, ರೋಗಿಗಳಿಂದ ಶುಲ್ಕ ವಸೂಲು ಮಾಡುವುದು ಒಳ್ಳೆಯದೆಂದು ಬಡ ದೇಶಗಳಿಗೆ ಸಲಹೆ ಕೊಟ್ಟಿತು. ಅದೇ ವರ್ಷ ಮಾಲಿ ದೇಶದ ಬಮಾಕೊ ನಗರದಲ್ಲಿ ಸೇರಿದ ಆಫ್ರಿಕದ ಆರೋಗ್ಯ ಮಂತ್ರಿಗಳು, ಹಳ್ಳಿಯ ಚಿಕಿತ್ಸಾಲಯದಲ್ಲಿ ಔಷಧಿಗೆ ಬೆಲೆ ಪಡೆದು, ಆ ಹಣವನ್ನು ಹಳ್ಳಿಯವರ ಕೈಯಲ್ಲೇ ಇರಿಸಿ, ಅದರಿಂದ ಮತ್ತೆ ಔಷಧಿ ಕೊಳ್ಳುವ ಯೋಜನೆಯನ್ನು ಒಪ್ಪಿದರು. ಇವರನ್ನು ಕಟುಕರೆಂದು ಬಯ್ಯುವುದು ಸುಲಭ, ಆದರೆ ಅನ್ಯಾಯ. ಖಾಲಿ ಕಪಾಟನ್ನು ತುಂಬಲು ಅವರಿಗೆ ಕಂಡ ದಾರಿ ಅದು. ನಮ್ಮ ಖಜಾಂಚಿಗಳ ಮನಸ್ಸಿನಲ್ಲಿ ಇದ್ದದ್ದೂ ಅದೇ.

ಕೀನ್ಯಾದಲ್ಲಿ ೧೯೮೯ರ ಡಿಸೆಂಬರಿನಲ್ಲಿ ಶುಲ್ಕ ಬಂತು. ರಾಜಧಾನಿ ನೈರೋಬಿಯಲ್ಲಿ ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳಿಗೆಂದೇ ಮೀಸಲಾದ ಚಿಕಿತ್ಸಾಲಯವೊಂದಿತ್ತು. ಸಂಶೋಧಕರು ಅಲ್ಲಿಗೆ ಬಂದವರ ಸಂಖ್ಯೆಯನ್ನು ತಿಂಗಳು ತಿಂಗಳು ತೆಗೆದು ನೋಡಿದರು. ಶುಲ್ಕವಿದ್ದ ಒಂಬತ್ತು ತಿಂಗಳಲ್ಲಿ, ಮೊದಲು ನೂರು ಜನ ಗಂಡಸರು ಬರುತ್ತಿದ್ದ ಕಡೆ ೪೦ ಜನ ಬಂದಿದ್ದರು. ನೂರು ಜನ ಹೆಂಗಸರು ಬರುತ್ತಿದ್ದ ಕಡೆ ೬೫ ಜನ. ರೋಗ ಕಡಿಮೆಯಾಗಿ ಅವರು ಬಾರದೆ ಹೋದರೆಂದು ಯಾರೂ ಹೇಳಲಾರರು. ಅದು ಒಬ್ಬರಿಂದೊಬ್ಬರಿಗೆ ಹಬ್ಬುವ ರೋಗ. ಚಿಕಿತ್ಸೆಯಿಲ್ಲದೆ ಹಿಂದಿರುಗಿದವನ ಸಂಗಡ ಅದೂ ಅವನ ಮನೆಗೆ ಹೋಯಿತು. ಈ ಲೆಕ್ಕ ೧೯೯೨ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯಲ್ಲಿ ಅಚ್ಚಾಯಿತು.

'ಶುಲ್ಕ ಇಟ್ಟರೆ ಜನ ಕಡಿಮೆ ಬರುವುದು ಸರಿಯೆ. ಬಂದವರಾದರೂ ಕೊಟ್ಟದ್ದನ್ನು ಜೋಪಾನವಾಗಿ ಬಳಸುತ್ತಾರಲ್ಲ?' ಎಂಬುದು ಉಳಿದ ಪ್ರಶ್ನೆ. ಇದನ್ನೂ ಕೀನ್ಯಾದಲ್ಲೇ ಒರೆಗೆ ಹಚ್ಚಿದರು. ಅಲ್ಲಿನ ಪಶ್ಚಿಮ ಭಾಗದಲ್ಲಿ ಮಲೇರಿಯದ ಕಾಟ ವಿಪರೀತ. ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ಅದು ಮೃತ್ಯುವೇ. ಔಷಧಿ ಸವರಿದ ಸೊಳ್ಳೆಪರದೆಯಲ್ಲಿ ಮಲಗಿದರೆ ಅಪಾಯ ಬಹಳಮಟ್ಟಿಗೆ ತಪ್ಪುತ್ತದೆ. ಜೆಸಿಕಾ ಕೋಹೆನ್ ಮತ್ತು ಪಾಸ್ಕಲಿನ್ ದ್ಯುಪಾ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ಗರ್ಭಿಣಿಯರ ೨೦ ಚಿಕಿತ್ಸಾಲಯಗಳನ್ನು ಆರಿಸಿಕೊಂಡು, ಚೀಟಿ ಎತ್ತಿದಂತೆ, ಕೆಲವು ಕಡೆ ಪರದೆಯನ್ನು ಪುಕ್ಕಟೆ ಕೊಡಿಸಿದರು, ಕೆಲವು ಕಡೆ ೧೦ ಶಿಲಿಂಗಿಗೆ, ಕೆಲವು ಕಡೆ ೨೦ಕ್ಕೆ, ಕೆಲವು ಕಡೆ ೪೦ಕ್ಕೆ. ನಲವತ್ತು ಶಿಲಿಂಗು ಎಂದರೆ ಅಮೆರಿಕದ ಸುಮಾರು ೬೦ ಸೆಂಟು. ಗರ್ಭಿಣಿಯರಿಗೆಂದು ಆಗ ನಡೆಯುತ್ತಿದ್ದ ರಿಯಾಯಿತಿಯ ಬೆಲೆಗಿಂತಲೂ ಅದು ಕಡಿಮೆಯೆ.

ಆಮೇಲೆ ಅವರು ಎರಡು ಸಂಗತಿ ನೋಡಿದರು. ಮೊದಲನೆಯದು, ಎಷ್ಟು ಜನ ಪರದೆ ಒಯ್ದರು ಎಂಬುದು. ಬೆಲೆ ಸೊನ್ನೆಯಿಂದ ೪೦ ಶಿಲಿಂಗಿಗೆ ಏರಿದಾಗ ಒಯ್ಯುವವರು ನೂರರಲ್ಲಿ ೬೦ ಜನ ಕಡಿಮೆಯಾದರು. ಎರಡನೆಯದು, ಒಯ್ದವರು ಅದನ್ನು ನಿಜವಾಗಿ ಕಟ್ಟಿಕೊಂಡು ಮಲಗುತ್ತಾರೆಯೆ ಎಂಬುದು. ಇದಕ್ಕಾಗಿ ಮನೆಗಳಿಗೇ ಹೋಗಿ ಪರದೆ ತೂಗುಹಾಕಿದೆಯೋ ಇಲ್ಲವೋ ಕಣ್ಣಾರೆ ನೋಡಿಬಂದರು. ಪುಕ್ಕಟೆ ಪಡೆದವರೂ ಕಾಸು ಕೊಟ್ಟವರೂ ಒಂದೇ ಪ್ರಮಾಣದಲ್ಲಿ ಬಳಸುತ್ತಿದ್ದರು. ಪುಕ್ಕಟೆಯದಕ್ಕೆ ಬೆಲೆಯಿಲ್ಲ ಎಂಬ ಗಾದೆಯಂಥ ಮಾತು ಕೀನ್ಯಾದ ಆ ತಾಯಂದಿರ ವಿಷಯದಲ್ಲಿ ನಿಲ್ಲಲಿಲ್ಲ. ಈ ಸಂಶೋಧನೆ ೨೦೧೦ರಲ್ಲಿ ಪ್ರಕಟವಾಯಿತು. ಅದೇ ಪ್ರಾಂತದ ಶಾಲೆಗಳಲ್ಲಿ ಮಕ್ಕಳ ಜಂತುಹುಳುವಿನ ಔಷಧಿಗೆ ಚಿಕ್ಕ ಶುಲ್ಕವಿಟ್ಟು ನೋಡಿದಾಗಲೂ, ತೆಗೆದುಕೊಳ್ಳುವವರ ಪ್ರಮಾಣ ನೂರಕ್ಕೆ ೮೦ರಷ್ಟು ಕುಸಿದಿತ್ತೆಂದು ಮೈಕೆಲ್ ಕ್ರೆಮರ್ ಮತ್ತು ಎಡ್ವರ್ಡ್ ಮಿಗೆಲ್ ಅವರು ಮೊದಲೇ ತೋರಿಸಿದ್ದರು.

ಇಂಥ ಲೆಕ್ಕಗಳು ಒಂದರ ಮೇಲೊಂದು ಬಿದ್ದು ಅಭಿಪ್ರಾಯ ಬದಲಾಯಿತು. ಕೀನ್ಯಾ ಸರಕಾರ ೨೦೧೩ರ ಜೂನಿನಲ್ಲಿ ಹಳ್ಳಿಯ ಸರಕಾರಿ ಚಿಕಿತ್ಸಾಲಯಗಳ ಶುಲ್ಕವನ್ನೂ ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಶುಲ್ಕವನ್ನೂ ತೆಗೆದುಹಾಕಿತು. ಶುಲ್ಕದ ಸಲಹೆ ಕೊಟ್ಟಿದ್ದ ವಿಶ್ವಬ್ಯಾಂಕಿನ ಅಧ್ಯಕ್ಷರೇ ಅದೇ ವರ್ಷ ಜಿನೀವದಲ್ಲಿ ಜಗತ್ತಿನ ಆರೋಗ್ಯ ಮಂತ್ರಿಗಳ ಎದುರು ನಿಂತು, ಬಡವರ ಮೇಲಿನ ಇಂಥ ಶುಲ್ಕ ಅನ್ಯಾಯವೂ ಹೌದು, ಅನವಶ್ಯಕವೂ ಹೌದು ಎಂದರು. ಇಪ್ಪತ್ತಾರು ವರ್ಷ ಹಿಡಿಯಿತು, ನಿಜ. ನಡುವೆ ಬಾಗಿಲಿನಿಂದ ಹಿಂದಿರುಗಿದವರ ಆಯುಸ್ಸನ್ನು ಹಿಂದಕ್ಕೆ ಕೊಡುವವರು ಯಾರು ಎಂಬ ಪ್ರಶ್ನೆಗೆ ಯಾವ ಬ್ಯಾಂಕಿನಲ್ಲೂ ಉತ್ತರವಿಲ್ಲ.

ಇಷ್ಟನ್ನೂ ನಾವು ಮುಂದಿನ ಸಭೆಯಲ್ಲಿ ಓದಿ ಹೇಳಿದೆವು. ಖಜಾಂಚಿಗಳು ಗಮನವಿಟ್ಟು ಕೇಳಿದರು. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತ, "ಸರಿ, ಚೀಟಿಯ ದುಡ್ಡು ಬೇಡ. ಆದರೆ ಔಷಧಿಯ ದುಡ್ಡು ಎಲ್ಲಿಂದ ತರುತ್ತೀರಿ, ಅದನ್ನೂ ಆಫ್ರಿಕದವರು ಹೇಳಿದ್ದಾರೆಯೇ?" ಎಂದು ಕೇಳಿದರು. ಸಭೆ ನಕ್ಕಿತು. ನಗೆಯಾಡಿದರೂ ಪ್ರಶ್ನೆ ಗಟ್ಟಿಯಾದದ್ದೆ. ಅದಕ್ಕೆ ಉತ್ತರ ಉಗಾಂಡದಲ್ಲಿದೆ, ಅದೂ ಕಹಿಯಾದ ಉತ್ತರ.

ಉಗಾಂಡದಲ್ಲಿ ೨೦೦೧ರ ಮಾರ್ಚಿನಲ್ಲಿ, ರಾಷ್ಟ್ರಾಧ್ಯಕ್ಷರ ಚುನಾವಣೆಗೆ ಕೆಲವೇ ದಿನಗಳ ಮುಂಚೆ, ಸರಕಾರಿ ಆಸ್ಪತ್ರೆಗಳ ಸಾಮಾನ್ಯ ವಿಭಾಗದಲ್ಲಿ ಶುಲ್ಕವನ್ನು ಒಮ್ಮೆಗೇ ತೆಗೆದರು. ಜನ ಬಂದರು, ಅದರಲ್ಲೂ ತೀರ ಬಡವರು ಹೆಚ್ಚಾಗಿ ಬಂದರು. ಅಷ್ಟಕ್ಕೆ ಅದು ದೊಡ್ಡ ಜಯ. ಆದರೆ ಸಂಶೋಧಕರು ಮನೆಮನೆಯ ಖರ್ಚಿನ ಲೆಕ್ಕ ತೆಗೆದು ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ರೋಗದ ಖರ್ಚಿನಿಂದ ನೆಲ ಕಚ್ಚುವ ಬಡ ಸಂಸಾರಗಳ ಪ್ರಮಾಣ ಇಳಿದಿರಲಿಲ್ಲ. ನೂಕುನುಗ್ಗಲಿಗೆ ತಕ್ಕಷ್ಟು ಔಷಧಿ ಬಾರದೆ, ಆಸ್ಪತ್ರೆಯಲ್ಲಿ ಚೀಟಿ ಬರೆಸಿಕೊಂಡವರು ಹೊರಗಿನ ಅಂಗಡಿಯಲ್ಲಿ ಕೊಳ್ಳಬೇಕಾಗಿತ್ತು ಎಂಬುದು ಅವರು ಕಂಡ ಮುಖ್ಯ ಕಾರಣ. ಎಲೆ ಹಾಕಿ ಕೂರಿಸಿ, ಅನ್ನ ತರಲು ಮರೆತಂತೆ. ಶುಲ್ಕ ತೆಗೆಯುವುದು ಅರ್ಧ ಕೆಲಸ. ತೆಗೆದ ಜಾಗವನ್ನು ಯಾರ ಹಣದಿಂದ ತುಂಬುತ್ತೇವೆ ಎಂಬುದು ಉಳಿದರ್ಧ. ಬಡವನ ಪರವಾಗಿ ಮಾತಾಡುವವರಿಗೆ ಈ ಉಳಿದರ್ಧದ ಬಗ್ಗೆ ತಾಳ್ಮೆ ಕಡಿಮೆ ಎಂಬ ಆಪಾದನೆ ಪೂರ್ತಿ ಸುಳ್ಳಲ್ಲ.

ಇದ್ದ ಹಣವನ್ನೇ ಎಲ್ಲಿ ಸುರಿಯಬೇಕೆಂಬ ಪ್ರಶ್ನೆಗೆ ಟಾಂಜಾನಿಯದ ರುಫೀಜಿ ಮತ್ತು ಮೊರೊಗೊರೊ ಎಂಬ ಎರಡು ಜಿಲ್ಲೆಗಳಲ್ಲಿ ಉತ್ತರ ಹುಡುಕಿದರು. ನಮಗೆ ಎಲ್ಲಕ್ಕಿಂತ ಹಿಡಿಸಿದ ಕತೆ ಅದು. ಅದಕ್ಕೇ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ರುಫೀಜಿ ಎಂಬುದು ಹಿಂದೂ ಮಹಾಸಾಗರಕ್ಕೆ ಸೇರುವ ಒಂದು ದೊಡ್ಡ ನದಿ; ಆಗ ಅದರ ಮುಖದಲ್ಲಿದ್ದ ಜಿಲ್ಲೆಗೂ ಅದೇ ಹೆಸರು. ಎರಡೂ ಜಿಲ್ಲೆ ಸೇರಿ ಆಗ ಸುಮಾರು ಏಳು ಲಕ್ಷ ಜನ. ಆ ದಿನಗಳಲ್ಲಿ ಆ ದೇಶದಲ್ಲಿ ತಲೆಗೆ ವರ್ಷಕ್ಕೆ ಆರೋಗ್ಯದ ಖರ್ಚು ಹತ್ತು ಡಾಲರೂ ಇರಲಿಲ್ಲ. ಟಾಂಜಾನಿಯದ ಆರೋಗ್ಯ ಸಚಿವಾಲಯವೂ ಕೆನಡ ದೇಶದ ಒಂದು ಸಂಶೋಧನ ಸಂಸ್ಥೆಯೂ ಕೂಡಿ, ೧೯೯೦ರ ದಶಕದ ನಡುವಿನಲ್ಲಿ ಅಲ್ಲಿ ಒಂದು ಪ್ರಯೋಗಕ್ಕೆ ಕೈ ಹಾಕಿದುವು. ಹಣವನ್ನು ಜನರನ್ನು ಕೊಲ್ಲುತ್ತಿರುವ ರೋಗಗಳಿಗೆ ತಕ್ಕಂತೆ ಹಂಚಿದರೆ ಏನಾಗುತ್ತದೆ ಎಂಬುದೇ ಆ ಪ್ರಯೋಗ.

ಇದರಲ್ಲಿ ಹೊಸದೇನು, ಎಲ್ಲರೂ ಹಾಗೆಯೇ ಹಂಚುತ್ತಾರಲ್ಲ, ಎನ್ನಿಸಬಹುದು. ಹಂಚುತ್ತಿರಲಿಲ್ಲ. ಹೋದ ವರ್ಷ ಎಷ್ಟು ಕೊಟ್ಟಿತ್ತೋ ಅಷ್ಟು, ಯಾವ ದಾನಿ ಯಾವ ರೋಗದ ಹೆಸರು ಹೇಳಿ ಕಳಿಸಿದರೋ ಅದಕ್ಕೆ ಅಷ್ಟು, ಹೀಗೆ ಪಟ್ಟಿ ತಯಾರಾಗುತ್ತಿತ್ತು. ಜನ ಯಾತರಿಂದ ಸಾಯುತ್ತಿದ್ದಾರೆಂದು ತಿಳಿಯಲು ಆಸ್ಪತ್ರೆಯ ದಫ್ತರ ಸಾಲದು. ಬಹುಪಾಲು ಜನ ಸಾಯುತ್ತಿದ್ದುದು ತಮ್ಮ ಗುಡಿಸಲುಗಳಲ್ಲಿ. ಆದ್ದರಿಂದ ಎಣಿಕೆಯವರು ಸೈಕಲ್ಲು ಹತ್ತಿ ಮನೆಮನೆಗೆ ಹೋದರು. ನಿಮ್ಮ ಮನೆಯಲ್ಲಿ ಈಚೆಗೆ ಯಾರಾದರೂ ತೀರಿಕೊಂಡರೆ? ಹಾಸಿಗೆ ಹಿಡಿದರೆ? ಜ್ವರ ಇತ್ತೆ, ಎಷ್ಟು ದಿನ? ಏದುಸಿರು ಬರುತ್ತಿತ್ತೆ? ಭೇದಿಯಾಗುತ್ತಿತ್ತೆ? ತಾಯಿಯ ಬಾಯಿಂದ ಬಂದ ಲಕ್ಷಣಗಳನ್ನು ಬರೆದುಕೊಂಡು, ಸಾವಿನ ಕಾರಣವನ್ನು ವೈದ್ಯರು ಗೊತ್ತುಮಾಡಿದರು. ಕೂಸನ್ನು ಕಳೆದುಕೊಂಡ ಮನೆಯ ಜಗುಲಿಯಲ್ಲಿ ಕುಳಿತು ಇಂಥ ಪ್ರಶ್ನೆ ಕೇಳುವುದು ಎಷ್ಟು ಕಷ್ಟವಿದ್ದೀತು! ಆದರೆ ಅದುವರೆಗೆ ಆ ಕೂಸಿನ ಸಾವನ್ನು ಯಾರೂ ಬಂದು ಕೇಳಿಯೂ ಇರಲಿಲ್ಲ.

ಲೆಕ್ಕ ಕೂಡಿ ನೋಡಿದಾಗ ಎಲ್ಲರೂ ಬೆರಗಾದರು. ಮೊರೊಗೊರೊದಲ್ಲಿ ಅಕಾಲ ಮರಣದಿಂದ ಕಳೆದುಹೋದ ಆಯುಸ್ಸಿನ ವರ್ಷಗಳಲ್ಲಿ ನೂರಕ್ಕೆ ೩೦ರಷ್ಟು ಮಲೇರಿಯದ ಪಾಲು. ೧೯೯೬ರ ಆರೋಗ್ಯ ಆಯವ್ಯಯದಲ್ಲಿ ಅದಕ್ಕೆ ಸಿಕ್ಕಿದ್ದು ನೂರಕ್ಕೆ ೫. ನ್ಯುಮೋನಿಯ, ಭೇದಿ, ದಡಾರ, ಪುಷ್ಟಿಯಿಲ್ಲದ ಊಟ, ಇಂಥ ಎಳೆಯರ ಕಾಟಗಳ ಪಾಲು ನೂರಕ್ಕೆ ೨೮; ಅದಕ್ಕೆ ಸಿಕ್ಕಿದ್ದು ೧೩. ಇನ್ನೊಂದು ಕಡೆ, ಕ್ಷಯದ ಪಾಲು ೪ಕ್ಕೂ ಕಡಿಮೆ. ಅದಕ್ಕೆ ಹೋಗುತ್ತಿದ್ದುದು ೨೨. ಕ್ಷಯವನ್ನು ಕಡೆಗಣಿಸಬೇಕೆಂದು ಇದರ ಅರ್ಥವಲ್ಲ. ಅದು ಹರಡುವ ರೋಗ. ಆದರೆ ಯಾರೂ ಕೂತು ಯೋಚಿಸಿ ಈ ಹಂಚಿಕೆ ಮಾಡಿರಲಿಲ್ಲ ಎಂಬುದಂತೂ ಸ್ಪಷ್ಟವಾಯಿತು. ಯಾರೂ ಬೇಕೆಂದು ಮಕ್ಕಳಿಗೆ ಅನ್ಯಾಯ ಮಾಡಿರಲಿಲ್ಲ. ಎಣಿಸದೆ ಬಡಿಸಿದ್ದರಿಂದ ತಾನಾಗಿಯೇ ಅನ್ಯಾಯವಾಗಿತ್ತು.

ಆಮೇಲಿನ ಕೆಲಸ ಸರಳ. ಜಿಲ್ಲೆಯ ಅಧಿಕಾರಿಗಳ ಮುಂದೆ ಈ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರು: ಒಂದರಲ್ಲಿ ರೋಗದ ಹೊರೆ, ಒಂದರಲ್ಲಿ ಹಣದ ಪಾಲು. ಹೇಗೆ ಬದಲಾಯಿಸಬೇಕೆಂಬ ತೀರ್ಮಾನವನ್ನು ಅವರಿಗೇ ಬಿಟ್ಟರು. ತಲೆಗೆ ವರ್ಷಕ್ಕೆ ಎರಡು ಡಾಲರಿನವರೆಗೆ ಹೆಚ್ಚಿನ ಹಣ ಕೊಡಲು ಸಿದ್ಧವಿದ್ದರೂ, ಅವರು ನಿಜವಾಗಿ ಬಳಸಲು ಸಾಧ್ಯವಾದದ್ದು ಸುಮಾರು ೮೦ ಸೆಂಟು. ಅಷ್ಟರಲ್ಲೇ ಸೊಳ್ಳೆಪರದೆಗಳ ಬಳಕೆಗೆ ಒತ್ತು ಕೊಟ್ಟರು; ಕಾಯಿಲೆಯ ಮಗುವನ್ನು ಒಂದೇ ಸಲಕ್ಕೆ ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿ ಮದ್ದು ಕೊಡುವ ಕ್ರಮವನ್ನು ನರ್ಸುಗಳಿಗೆ ಕಲಿಸಿದರು; ಮುರಿದುಬಿದ್ದ ಚಿಕಿತ್ಸಾಲಯಗಳನ್ನು ಹಳ್ಳಿಯವರೇ ಕೈಗೂಡಿಸಿ ದುರಸ್ತಿ ಮಾಡಿಕೊಂಡರು. ರುಫೀಜಿಯಲ್ಲಿ ೧೯೯೯ರಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ನೂರು ವರ್ಷ ತುಂಬುವ ಮೊದಲೇ ಸಾಯುತ್ತಿದ್ದುವು. ೨೦೦೦ದಲ್ಲಿ ಆ ಸಂಖ್ಯೆ ೭೨ಕ್ಕೆ ಇಳಿಯಿತು. ಐದು ವರ್ಷಗಳಲ್ಲಿ ಆ ಎರಡು ಜಿಲ್ಲೆಗಳ ಮಕ್ಕಳ ಸಾವು ನೂರಕ್ಕೆ ೪೦ಕ್ಕಿಂತ ಹೆಚ್ಚು ಕಡಿಮೆಯಾಯಿತು. ಎಲ್ಲವೂ ಲೆಕ್ಕದ ಪುಸ್ತಕದ ಮಹಿಮೆ ಎನ್ನಲಾಗದು. ಮಳೆ ಬೆಳೆ, ರಸ್ತೆ, ನರ್ಸುಗಳ ಶ್ರಮ ಎಲ್ಲಕ್ಕೂ ಅದರಲ್ಲಿ ಪಾಲಿದೆ. ಆದರೆ ಆ ಶ್ರಮ ಎಲ್ಲಿ ಬೀಳಬೇಕೆಂದು ತೋರಿಸಿದ್ದು ಆ ಸೈಕಲ್ಲಿನವರು.

ಖಜಾಂಚಿಗಳ ಪ್ರಶ್ನೆ ಇನ್ನೂ ಪೂರ್ತಿ ತೀರಲಿಲ್ಲ. ಹಣ ಬರುವುದೆಲ್ಲಿಂದ? ಘಾನ ದೇಶದ ಉತ್ತರ ಹೀಗಿದೆ. ಅಲ್ಲಿ ೧೯೮೫ರಿಂದ ನಡೆದುಬಂದ ಪದ್ಧತಿಗೆ ಜನ ಇಟ್ಟ ಹೆಸರು 'ಕ್ಯಾಷ್ ಅಂಡ್ ಕ್ಯಾರಿ'. ದುಡ್ಡು ಎಣಿಸು, ಮದ್ದು ಒಯ್ಯಿ. ೨೦೦೩ರಲ್ಲಿ ಶಾಸನ ಮಾಡಿ ಅದರ ಬದಲು ರಾಷ್ಟ್ರೀಯ ವಿಮೆಯನ್ನು ತಂದರು. ಅದರ ಬಹುಪಾಲು ಹಣ ಸರಕುಗಳ ಮಾರಾಟದ ಮೇಲಿನ ನೂರಕ್ಕೆ ಎರಡೂವರೆಯ ತೆರಿಗೆಯಿಂದ ಬರುತ್ತದೆ. ಹೆಚ್ಚು ಕೊಳ್ಳುವವನು ಹೆಚ್ಚು ಕೊಡುತ್ತಾನೆ. ಹದಿನೆಂಟರೊಳಗಿನವರಿಗೆ, ಎಪ್ಪತ್ತು ದಾಟಿದವರಿಗೆ, ಗರ್ಭಿಣಿಯರಿಗೆ, ಕಡುಬಡವರಿಗೆ ವಂತಿಗೆಯಿಲ್ಲ. ರುವಾಂಡ ದೇಶದಲ್ಲಿ ೧೯೯೯ರಲ್ಲಿ ಮೂರು ಜಿಲ್ಲೆಗಳಲ್ಲಿ ಪ್ರಯೋಗ ಮಾಡಿ ನೋಡಿದ ಹಳ್ಳಿಯ ವಿಮೆಯನ್ನು ಆಮೇಲೆ ದೇಶಕ್ಕೆಲ್ಲ ಹರಡಿದರು. ಎಲ್ಲರಿಗೂ ಒಂದೇ ವಂತಿಗೆಯೆಂದಿದ್ದುದನ್ನು ೨೦೧೧ರಲ್ಲಿ ಬದಲಾಯಿಸಿ, ಶಕ್ತಿಗೆ ತಕ್ಕಂತೆ ಮಾಡಿ, ತೀರ ಬಡವರ ಪಾಲನ್ನು ಬೇರೆಯವರು ತುಂಬುವ ಏರ್ಪಾಡು ಮಾಡಿದರು. ಎರಡೂ ಕಡೆ ಕೊರತೆಗಳಿವೆ. ಘಾನದಲ್ಲಿ ವಿಮೆಗೆ ಹೆಸರು ಬರೆಸಿದವರಲ್ಲಿ ಬಡವರಿಗಿಂತ ಉಳ್ಳವರೇ ಹೆಚ್ಚೆಂದು ಅಧ್ಯಯನಗಳು ತೋರಿಸಿದುವು. ಆದರೂ ನೀತಿ ಸರಿಯಾಗಿದೆ: ಆರೋಗ್ಯವಾಗಿದ್ದಾಗ ಶಕ್ತಿಯಿದ್ದಷ್ಟು ಕೊಡು, ಕಾಯಿಲೆ ಬಿದ್ದಾಗ ಬೇಕಾದಷ್ಟು ಪಡೆ. ನಮ್ಮ ಹಳ್ಳಿಗಳಲ್ಲಿ ಮದುವೆ ಮುಂಜಿಗಳಿಗೆ ಮುಯ್ಯಿ ಕೊಡುವ ಪದ್ಧತಿಯನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ.

ಮಲಾವಿ ದೇಶದಿಂದ ಕಲಿಯುವ ಪಾಠ ಇನ್ನೊಂದು ಬಗೆಯದು. ಸರಕಾರ ಎಲ್ಲರಿಗೂ ಪುಕ್ಕಟೆ ಕೊಡತಕ್ಕ ಚಿಕಿತ್ಸೆಗಳ ಪಟ್ಟಿಯೊಂದನ್ನು ಅಲ್ಲಿ ೨೦೦೪ರಿಂದ ಇಟ್ಟುಕೊಂಡಿದ್ದಾರೆ. ಪಟ್ಟಿ ಉದ್ದವಾಯಿತು, ಚೀಲ ಚಿಕ್ಕದಾಯಿತು. ಕಾಗದದ ಮೇಲಿದ್ದದ್ದು ಕಪಾಟಿನಲ್ಲಿ ಇಲ್ಲ. ಆಗ ಮಲಾವಿಯವರೂ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರೂ ಕೂಡಿ ಲೆಕ್ಕ ಹಾಕಿದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದನ್ನೇ ಅವರು ಅಂಕಿಗಳಲ್ಲಿ ಹೇಳಿದರು: ಕೊಡಲಾಗದ್ದನ್ನು ಕೊಡುತ್ತೇವೆ ಎಂದು ಬರೆದರೆ ಯಾರಿಗೆ ಸಿಗುತ್ತದೆ, ಯಾರಿಗೆ ತಪ್ಪುತ್ತದೆ ಎಂಬುದು ಆಕಸ್ಮಿಕವಾಗುತ್ತದೆ, ಮತ್ತು ಆಕಸ್ಮಿಕವೆಂಬುದು ಬಡವನ ಕಡೆಗೆ ಎಂದೂ ವಾಲುವುದಿಲ್ಲ.

ಲೆಕ್ಕಕ್ಕೂ ಒಂದು ಮಿತಿಯಿದೆ, ಅದನ್ನು ಹೇಳದಿದ್ದರೆ ನಮ್ಮ ಮಾತು ಏಕಪಕ್ಷೀಯವಾದೀತು. ಒಂದು ರೂಪಾ‌ಯಿಗೆ ಎಷ್ಟು ಜೀವ ಉಳಿಯುತ್ತದೆ ಎಂಬುದೊಂದೇ ಅಳತೆಗೋಲಾದರೆ, ರಸ್ತೆಯ ಪಕ್ಕದ ಊರಿಗೆ ಎಲ್ಲವೂ ಹೋಗುತ್ತದೆ. ನದಿಯಾಚೆಯ ಹಳ್ಳಿಗೆ ದೋಣಿಯ ಖರ್ಚು ಹೆಚ್ಚೆಂದು ಏನೂ ಹೋಗುವುದಿಲ್ಲ. ಅಪರೂಪದ ರೋಗ ಬಂದ ಮಗುವಿಗೆ ಸರದಿಯೇ ಬರುವುದಿಲ್ಲ. ಎಷ್ಟು ಎಂಬುದನ್ನು ಗಣಿತ ಹೇಳಬಲ್ಲುದು. ಯಾರಿಗೆ ಮೊದಲು ಎಂಬುದನ್ನು ಮನುಷ್ಯರೇ ಕೂತು, ಎಲ್ಲರಿಗೂ ಕೇಳುವಂತೆ ಮಾತಾಡಿ, ತೀರ್ಮಾನಿಸಬೇಕು. ಆಫ್ರಿಕದ ಒಳ್ಳೆಯ ಸಂಶೋಧಕರು ಈಗ ಇದನ್ನೇ ಒತ್ತಿ ಹೇಳುತ್ತಿದ್ದಾರೆ. ಇನ್ನೊಂದು ಸಂತೋಷದ ಸಂಗತಿಯೆಂದರೆ, ಲೆಕ್ಕ ಹಾಕುವವರು ಈಗ ಹೊರಗಿನಿಂದ ಹಾರಿಬಂದವರಷ್ಟೇ ಅಲ್ಲ. ಕೇಪ್ ಟೌನ್ ವಿಶ್ವವಿದ್ಯಾಲಯದಲ್ಲಿ ೧೯೯೦ರಿಂದಲೂ ಆರೋಗ್ಯದ ಅರ್ಥಶಾಸ್ತ್ರಕ್ಕೆ ಒಂದು ವಿಭಾಗವಿದೆ. ಟಾಂಜಾನಿಯದ ಇಫಕಾರದಲ್ಲಿ ಹುಟ್ಟಿದ ಸಂಸ್ಥೆಗೆ ಜಗತ್ತಿನಲ್ಲೇ ಹೆಸರಿದೆ. ತಮ್ಮ ಅಣ್ಣತಮ್ಮಂದಿರ ಸಾವನ್ನು ಎಣಿಸುವವರ ಕೈಬರಹವೇ ಬೇರೆ.

ಈ ಕೆಲಸದ ಅಗತ್ಯ ಈಗ ಇನ್ನೂ ಹೆಚ್ಚಾಗಿದೆ. ಆಯವ್ಯಯದಲ್ಲಿ ನೂರಕ್ಕೆ ೧೫ರಷ್ಟನ್ನಾದರೂ ಆರೋಗ್ಯಕ್ಕೆ ತೆಗೆದಿಡುತ್ತೇವೆಂದು ಆಫ್ರಿಕದ ರಾಷ್ಟ್ರನಾಯಕರು ೨೦೦೧ರ ಏಪ್ರಿಲಿನಲ್ಲಿ ನೈಜೀರಿಯದ ಅಬುಜದಲ್ಲಿ ಮಾತು ಕೊಟ್ಟರು. ಹೆಚ್ಚಿನ ದೇಶಗಳು ಇನ್ನೂ ಆ ಗೆರೆಯನ್ನು ಮುಟ್ಟಿಲ್ಲ. ಇತ್ತ ೨೦೨೫ರಲ್ಲಿ ಅಮೆರಿಕದ ಸರಕಾರ ತನ್ನ ಪರದೇಶ ನೆರವಿನ ಸಂಸ್ಥೆಯನ್ನೇ ಮುಚ್ಚಿತು. ಕೊಡ ಚಿಕ್ಕದಾದಾಗ ನೀರು ಹಂಚುವವನ ಕೈ ಮೇಲೆ ಎಲ್ಲರ ಕಣ್ಣೂ ಇರಬೇಕಾಗುತ್ತದೆ. ಇಲ್ಲದಿದ್ದರೆ ಮೊದಲು ಕಡಿತವಾಗುವುದು ಕೂಗಿ ಕೇಳಲಾರದವರ ಪಾಲು.

ಇನ್ನು ನಮ್ಮ ಸಂಘದ ಮಾತು. ಚೀಟಿಯ ದುಡ್ಡನ್ನು ಸಭೆ ಒಮ್ಮತದಿಂದ ಕೈಬಿಟ್ಟಿತು. ಔಷಧಿಯ ವೆಚ್ಚಕ್ಕಾಗಿ ಸದಸ್ಯರೆಲ್ಲ ತಮ್ಮ ತಮ್ಮ ಶಕ್ತ್ಯನುಸಾರ ವಂತಿಗೆ ಕೊಡಬೇಕೆಂದು ಸೂಚಿಸಿದವರು ಖಜಾಂಚಿಗಳೇ. ಮೊದಲ ಹೆಸರು ಬರೆಸಿದವರೂ ಅವರೇ. ಮಹಿಳಾ ವಿಭಾಗದವರು ಇನ್ನೊಂದು ಕೆಲಸ ಹಚ್ಚಿದ್ದಾರೆ. ಶಿಬಿರಕ್ಕೆ ಎಷ್ಟು ಜನ ಬಂದರೆಂದು ವರದಿಯಲ್ಲಿ ಅಚ್ಚು ಹಾಕಿ ಸಂತೋಷಪಡುವುದರ ಜೊತೆಗೆ, ಶಿಬಿರವಾದ ಮೇಲಿನ ಎರಡು ಭಾನುವಾರ ಹೋಟೆಲಿನ ಹುಡುಗರ ಕೋಣೆಗಳಿಗೂ ಕಟ್ಟಡದ ತಗಡಿನ ಮನೆಗಳಿಗೂ ಹೋಗಿ, ಯಾರು ಬರಲಿಲ್ಲ, ಏಕೆ ಬರಲಿಲ್ಲ ಎಂದು ಕೇಳಿ ಬರೆದುಕೊಂಡು ಬರಬೇಕಂತೆ. ಒಬ್ಬರಿಗೆ ರಜ ಸಿಗದಿರಬಹುದು, ಒಬ್ಬರಿಗೆ ಭಾಷೆಯ ಸಂಕೋಚವಿರಬಹುದು, ಒಬ್ಬರಿಗೆ ಸುದ್ದಿಯೇ ಮುಟ್ಟದಿರಬಹುದು. ಕೇಳದೆ ತಿಳಿಯುವುದು ಹೇಗೆ?

ಇದಕ್ಕೆ ಹತ್ತು ಹನ್ನೆರಡು ಜನ ಬೇಕಾಗಿದ್ದಾರೆ. ಕಾಲೇಜಿನಲ್ಲಿ ಓದುವ ಹುಡುಗ ಹುಡುಗಿಯರು ಮುಂದೆ ಬಂದರೆ ಒಳ್ಳೆಯದು. ಮನೆಯಲ್ಲಿ ಕಲಿತ ಕನ್ನಡ ಅಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ರುಫೀಜಿಯವರಂತೆ ಸೈಕಲ್ಲು ಬೇಕಿಲ್ಲ, ಲೋಕಲ್ ಗಾಡಿಯ ಪಾಸು, ಒಂದು ನೋಟ್ ಪುಸ್ತಕ, ಹೇಳಿದ್ದನ್ನು ತಾಳ್ಮೆಯಿಂದ ಕೇಳುವ ಕಿವಿ, ಇಷ್ಟಿದ್ದರೆ ಸಾಕು. ಹೆಸರು ಕೊಡಬಯಸುವವರು ಈ ತಿಂಗಳೊಳಗೆ ಸಂಘದ ಕಚೇರಿಗೆ ತಿಳಿಸಬೇಕಾಗಿ ವಿನಂತಿ.